ಗಂಗಾಧರಯ್ಯನವರ ಕಡಲು

ತರಗುಪೇಟೆಯ ರೇವಣಸಿದ್ದಯ್ಯನವರದು ಹಗ್ಗದ ಮಂಡಿ. ಬಾವಿಯ ಹಗ್ಗ, ತೊಟ್ಟಿಲ ಹಗ್ಗ, ಗಾಡಿಗೆ ಮೂಟೆ ಬಿಗಿಯುವ ಹಗ್ಗ, ಎಲ್ಲವೂ ಅಲ್ಲಿ ಸಿಗುತ್ತಿತ್ತು. ನಾರಿನ ಹುರಿ ಬರುತ್ತಿದ್ದದ್ದು ಕರಾವಳಿಯಿಂದ. ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ನೆನೆದ ತೆಂಗಿನ ನಾರು ಅದು. ಘಾಟಿ ಹತ್ತಿ, ರೈಲು ಬದಲಾಯಿಸಿ, ಮಂಡಿಯ ಮೂಲೆಯಲ್ಲಿ ಸುರುಳಿ ಸುರುಳಿಯಾಗಿ ಕೂತ ಮೇಲೂ ಅದರ ವಾಸನೆ ಹೋಗುತ್ತಿರಲಿಲ್ಲ. ರೇವಣಸಿದ್ದಯ್ಯನವರ ಒಬ್ಬನೇ ಮಗ ಗಂಗಾಧರಯ್ಯ ಚಿಕ್ಕವನಾಗಿದ್ದಾಗ ಮಧ್ಯಾಹ್ನ ಆ ಸುರುಳಿಗಳ ಮೇಲೆ ಮಲಗಿ ನಿದ್ದೆ ಹೋಗುತ್ತಿದ್ದ. ನಿದ್ದೆಯಲ್ಲಿ ಕೆಳಗಿನ ಹಗ್ಗವೆಲ್ಲ ಮೆಲ್ಲಗೆ ಏಳುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು.

ಮಗ ಮಂಡಿಯಲ್ಲಿ ಕೂರಲಿಲ್ಲ, ವಕೀಲಿ ಓದಿದ. ಬೆಳಗ್ಗೆ ಕೋರ್ಟು, ಸಂಜೆ ಲಾ ಕಾಲೇಜಿನಲ್ಲಿ ಪಾಠ. ಚಾಮರಾಜಪೇಟೆಯಲ್ಲಿ ಮಾಳಿಗೆ ಮನೆ, ಮನೆಯಲ್ಲಿ ಹೆಂಡತಿ ಗಿರಿಜಾಂಬಾ. ಮೂವತ್ತು ದಾಟಿದ ಮೇಲೆ ಊರಿನವರೆಲ್ಲ ಅವರನ್ನು ಗಂಗಾಧರಯ್ಯನವರು ಎಂದು ಕರೆಯತೊಡಗಿದರು. ಬೇಲಿ ಜಗಳ, ಮನೆ ಪಾಲು, ದತ್ತಕದ ತಕರಾರು ಹಿಡಿದುಕೊಂಡು ಇನ್ನೂ ಮೂವತ್ತು ವರ್ಷ ಹೀಗೇ ಕಳೆದುಬಿಡಬಹುದಿತ್ತು.

ಆದರೆ ೧೯೪೨ರಲ್ಲಿ ದಂಡಿನ ಕಡೆಯ ಒಬ್ಬ ಮುದುಕ ಬ್ಯಾರಿಸ್ಟರು ಊರು ಬಿಟ್ಟು ಹೊರಟ. ಅವನ ಮನೆಯ ಸಾಮಾನು ಹರಾಜಾಯಿತು. ಕುರ್ಚಿ, ಪಿಯಾನೋ, ಗಾಜಿನ ದೀಪ ಎಲ್ಲ ಹೋಗಿ ಕೊನೆಗೆ ಯಾರೂ ಮುಟ್ಟದ ಎರಡು ಪೆಟ್ಟಿಗೆ ಪುಸ್ತಕ ಉಳಿದವು. ಗಂಗಾಧರಯ್ಯನವರು ಅವನ್ನು ಜಟಕಾದಲ್ಲಿ ಹಾಕಿಕೊಂಡು ಮನೆಗೆ ತಂದರು. ಬಿಚ್ಚಿ ನೋಡಿದರೆ ಎಲ್ಲವೂ ಕಡಲಿನ ಕಾನೂನು. ಒಂದು ದೇಶದ ಗಡಿ ನೀರಿನೊಳಗೆ ಎಷ್ಟು ಮೈಲಿ ಹೋಗುತ್ತದೆ, ಮುಳುಗಿದ ಹಡಗಿನ ಸರಕು ಯಾರದು, ಯಾರೂ ವಾಸವಿರದ ದ್ವೀಪ ಯಾರಿಗೆ ಸೇರಬೇಕು, ಮುನ್ನೂರು ವರ್ಷಗಳಿಂದ ದೇಶದೇಶಗಳು ಹೊಡೆದಾಡಿದ ಕಥೆಯೆಲ್ಲ ಅದರಲ್ಲಿತ್ತು.

ಯುದ್ಧದ ಕಾಲ. ಮಾಳಿಗೆಯ ಕೋಣೆಯ ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದರು. ಭಾನುವಾರ ಹಗಲಿನಲ್ಲೂ ಒಳಗೆ ಒಂಥರ ಹಸಿರು ಮಬ್ಬು. ಬೆಳಗಿನ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಗಂಗಾಧರಯ್ಯನವರು ಆ ಮಬ್ಬಿನೊಳಗೆ ಹೋಗಿ ಕೂರುತ್ತಿದ್ದರು. ಓದುತ್ತ ಓದುತ್ತ ಕಣ್ಣು ಮುಚ್ಚಿದರೆ ಕೋಣೆಯ ನೆಲ ಸಡಿಲವಾಗುತ್ತಿತ್ತು. ಕೆಳಗೆ ನೀರು, ಸುತ್ತ ನೀರು, ನಡುವೆ ಒಂದೇ ಒಂದು ದೋಣಿ. ಅದರಲ್ಲಿ ಯಾರಿದ್ದಾರೆ ಎಂದು ನೋಡುವಷ್ಟರಲ್ಲಿ ಕೆಳಗಿನಿಂದ ಗಿರಿಜಾಂಬಾ ಊಟಕ್ಕೆ ಕರೆಯುತ್ತಿದ್ದರು.

ಆರು ವರ್ಷ ಅವರು ಒಂದು ಪುಸ್ತಕ ಬರೆದರು. ಅವರ ಅಕ್ಷರ ಅವರಿಗೇ ಓದಲಾಗದಷ್ಟು ಕೆಟ್ಟದು. ಮಿಷನ್ ಶಾಲೆಯಲ್ಲಿ ಇಂಗ್ಲಿಷು ಕಲಿತಿದ್ದ ಗಿರಿಜಾಂಬಾ ಮಧ್ಯಾಹ್ನದ ಕೆಲಸ ಮುಗಿಸಿ, ಜಗಲಿಯ ಬೆಳಕಿನಲ್ಲಿ ಕೂತು, ಹಾಳೆ ಹಾಳೆಯನ್ನೂ ದುಂಡಗೆ ನಕಲು ಮಾಡಿಕೊಟ್ಟರು. ಪುಸ್ತಕದ ಜೀವವಿದ್ದದ್ದು ನಾಲ್ಕನೆಯ ಅಧ್ಯಾಯದಲ್ಲಿ. ರಾಜರು ಬರೆದುಕೊಟ್ಟ ಸನ್ನದುಗಳಿಗಿಂತ ಬಡ ಬೆಸ್ತರ ಬಳಕೆಯೇ ದೊಡ್ಡದು ಎಂದು ಅಲ್ಲಿ ವಾದಿಸಿದ್ದರು. ಒಂದು ಬಂಡೆಯನ್ನು ತಲೆತಲಾಂತರದಿಂದ ಯಾರು ಬಳಸುತ್ತಾರೋ ಅದು ಅವರದು. ಅವರದಾದ ಮೇಲೆ ಬೇರೆ ಯಾರದೂ ಅಲ್ಲ.

ಪುಸ್ತಕ ೧೯೪೮ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಊರಿನಲ್ಲಿ ಅದನ್ನು ಪೂರ್ತಿ ಓದಿದವರು ಯಾರೂ ಇರಲಿಲ್ಲ. ಬಾಲ್ಯದ ಗೆಳೆಯ ಶೀನಣ್ಣ ಮಾತ್ರ ಮೊದಲ ಹತ್ತು ಪುಟ ಓದಿದರು. ಅವರು ಅಯ್ಯಂಗಾರರು, ಪೇಟೆಯ ಅಂಚೆಕಚೇರಿಯ ಪೋಸ್ಟ್‌ಮಾಸ್ಟರು. ದಿನಾ ಬೆಳಗ್ಗೆ ಇಬ್ಬರೂ ಬ್ಯೂಗಲ್ ರಾಕಿನ ಕಡೆ ವಾಕಿಂಗ್ ಹೋಗುತ್ತಿದ್ದರು. ಮಾಗಿಯ ಮಂಜಿನಲ್ಲಿ ಬಂಡೆಯ ನೆತ್ತಿಗಳು ಮಾತ್ರ ಮೇಲೆ ಕಾಣುತ್ತಿದ್ದವು, ಬಸವನಗುಡಿಯ ಮನೆಗಳೆಲ್ಲ ಬಿಳಿಯೊಳಗೆ ಮುಳುಗಿರುತ್ತಿದ್ದವು.

"ಅಲ್ಲಯ್ಯಾ ಗಂಗಾಧರ, ನೀನು ಸಮುದ್ರ ನೋಡಿದೀಯಾ?" ಎಂದು ಒಂದು ದಿನ ಶೀನಣ್ಣ ಕೇಳಿದರು.

"ಇಲ್ಲ."

"ಮತ್ತೆ ನಾನೂರು ಪುಟ ಹೆಂಗೆ ಬರೆದೆ?"

"ನೀನು ವೈಕುಂಠ ನೋಡಿದೀಯಾ? ದಿನಾ ಅದರ ಬಗ್ಗೆ ಮಾತಾಡ್ತೀಯಲ್ಲ."

ಶೀನಣ್ಣ ನಕ್ಕುಬಿಟ್ಟರು.

ಮೂರು ವರ್ಷದ ಮೇಲೆ ಗಂಗಾಧರಯ್ಯನವರು ಹೈಕೋರ್ಟಿನ ನ್ಯಾಯಾಧೀಶರಾದರು. ೧೯೫೩ರ ಬೇಸಿಗೆಯಲ್ಲಿ ಶೀನಣ್ಣ ಒಂದು ದಪ್ಪ ಲಕೋಟೆಯನ್ನು ಅಂಚೆಪೇದೆಯ ಕೈಗೆ ಕೊಡದೆ ತಾವೇ ಹಿಡಿದುಕೊಂಡು ಬಂದರು. ಉತ್ತರದ ತಣ್ಣನೆಯ ಕಡಲಿನ ಅಂಚಿನಲ್ಲಿ ಎರಡು ಸಣ್ಣ ದೇಶಗಳು. ಅವುಗಳ ಹೆಸರು ಇಲ್ಲಿ ಬೇಡ, ಮೂಡಣ ದೇಶ, ಪಡುವಣ ದೇಶ ಎಂದರೆ ಸಾಕು. ಎರಡರ ನಡುವೆ ಸ್ಕಾರ್ನ್ ಎಂಬ ಒಂದು ಬಂಡೆ. ಅದರ ಸುತ್ತ ಮೀನೋ ಮೀನು. ಬಂಡೆ ಯಾರದು ಎಂದು ತೀರ್ಮಾನಿಸಲು ಹಾಲೆಂಡಿನ ಹೇಗ್ ನಗರದಲ್ಲಿ ಮೂವರ ಪಂಚಾಯಿತಿ ಕೂರುವುದಿತ್ತು. ಎರಡು ದೇಶಗಳು ಒಬ್ಬೊಬ್ಬರನ್ನು ಹೆಸರಿಸಬೇಕು, ಮೂರನೆಯವರು ಅಧ್ಯಕ್ಷರು. ಮೂಡಣ ದೇಶದ ಯಾರೋ ಅಧಿಕಾರಿ ನಾಲ್ಕನೆಯ ಅಧ್ಯಾಯವನ್ನು ಓದಿದ್ದ. ಆ ದೇಶದವರು ಬೆಂಗಳೂರಿನ ಗಂಗಾಧರಯ್ಯನವರನ್ನು ಹೆಸರಿಸಿದ್ದರು.

"ಹೋಗ್ಲಾ ಗಿರಿಜಾ?" ಎಂದು ಗಂಗಾಧರಯ್ಯನವರು ಹೆಂಡತಿಯನ್ನು ಕೇಳಿದರು. ಸರ್ಕಾರದಿಂದ ರಜೆ ಸಿಕ್ಕಿಯಾಗಿತ್ತು, ಆದರೂ ಕೇಳಿದರು.

"ಹೋಗಿ. ಅಲ್ಲಿ ಊಟಕ್ಕೇನು ಮಾಡ್ತೀರಿ?"

"ಬ್ರೆಡ್ಡು, ಆಲೂಗೆಡ್ಡೆ ಸಿಗುತ್ತಂತೆ."

ಗಿರಿಜಾಂಬಾ ಎರಡು ಡಬ್ಬಿ ಚಟ್ನಿಪುಡಿ, ಒಂದು ಡಬ್ಬಿ ಹುರಿಹಿಟ್ಟು, ಕೋಡುಬಳೆ ಕಟ್ಟಿದರು. ಡಬ್ಬಿಗಳ ಮೇಲೆ ಪುಸ್ತಕ ನಕಲು ಮಾಡಿದ ಅದೇ ದುಂಡಕ್ಷರದಲ್ಲಿ ಹೆಸರು ಬರೆದರು.

ಬೊಂಬಾಯಿಯಲ್ಲಿ ಹಡಗು ಹತ್ತಿದ ದಿನ ಗಂಗಾಧರಯ್ಯನವರು ಮೊದಲ ಬಾರಿ ಕಡಲನ್ನು ಕಂಡರು. ಅದು ಕನಸಿನ ಹಾಗಿರಲಿಲ್ಲ. ಕನಸಿನ ನೀರಿಗೆ ಸದ್ದಿರಲಿಲ್ಲ, ಇದು ಹಗಲೂ ರಾತ್ರಿ ಮಾತಾಡುತ್ತಿತ್ತು. ಎರಡು ದಿನ ವಾಂತಿಯಾಯಿತು. ಮೂರನೆಯ ದಿನ ಹಡಗಿನ ಮೇಲಟ್ಟದಲ್ಲಿ ಕಂಬಳಿ ಹೊದ್ದು ಕೂತು ನೋಡಿದರು. ಹಡಗು ಸೀಳಿದ ದಾರಿ ಹಿಂದೆ ಬಿಳಿಯಾಗಿ ಬಿಚ್ಚಿಕೊಳ್ಳುತ್ತಿತ್ತು, ಸ್ವಲ್ಪ ಹೊತ್ತಿಗೆ ತಾನೇ ಮುಚ್ಚಿಕೊಳ್ಳುತ್ತಿತ್ತು. ಯಾರು ಹೋದರೆಂಬ ಗುರುತನ್ನೇ ಇಟ್ಟುಕೊಳ್ಳದ ಈ ನೀರಿನ ಮೇಲೆ ನಾನು ಎಷ್ಟೊಂದು ಗೆರೆ ಎಳೆದೆನಲ್ಲ ಎಂದು ಒಂದು ಕ್ಷಣ ದಿಗಿಲಾಯಿತು.

ಹೇಗ್ ನಗರದಲ್ಲಿ ಚಳಿಗಾಲದ ಮಂಜು. ವಿಚಾರಣೆಯ ಸಭಾಂಗಣದ ಬಣ್ಣದ ಗಾಜುಗಳ ಹಿಂದೆ ಮಧ್ಯಾಹ್ನ ಮೂರಕ್ಕೇ ಬೆಳಕು ಕರಗುತ್ತಿತ್ತು. ಅಧ್ಯಕ್ಷರು ಕೆಲ್ಲರ್ ಎಂಬ ವೃದ್ಧ ಪ್ರೊಫೆಸರು, ಸ್ವಿಟ್ಜರ್ಲೆಂಡಿನ ಬೆಟ್ಟದವರು. ಪಡುವಣ ದೇಶ ಹೆಸರಿಸಿದ್ದ ಪಂಚಾಯಿತಿದಾರರು ಅಧ್ಯಕ್ಷರ ಎಡಕ್ಕೆ, ಗಂಗಾಧರಯ್ಯನವರು ಬಲಕ್ಕೆ. ಪಡುವಣದ ವಕೀಲರು ಐನೂರು ವರ್ಷದ ಹಿಂದೆ ರಾಜನೊಬ್ಬ ಬಂಡೆಯನ್ನು ತಮ್ಮವರಿಗೆ ಬರೆದುಕೊಟ್ಟ ರಾಜಪತ್ರವನ್ನು ತೋರಿಸಿದರು. ಮೂಡಣದ ವಕೀಲರು ಗಂಗಾಧರಯ್ಯನವರ ಪುಸ್ತಕದಿಂದಲೇ ಪುಟಗಟ್ಟಲೆ ಓದಿದರು. ಗಿರಿಜಾಂಬಾ ಜಗಲಿಯಲ್ಲಿ ಕೂತು ನಕಲು ಮಾಡಿದ ವಾಕ್ಯಗಳು ಆ ಎತ್ತರದ ಚಾವಣಿಯ ಕೆಳಗೆ ಪರದೇಶದವರ ಬಾಯಿಂದ ಬರುವಾಗ ಗಂಗಾಧರಯ್ಯನವರಿಗೆ ಎಚ್ಚರವೋ ನಿದ್ದೆಯೋ ತಿಳಿಯುತ್ತಿರಲಿಲ್ಲ.

ಆರನೆಯ ದಿನ ಮೂಡಣದ ಕಡೆಯ ಸಾಕ್ಷಿಯನ್ನು ಕರೆದರು. ಎಪ್ಪತ್ತು ದಾಟಿದ ಬೆಸ್ತ. ಹೆಸರು ಓಲೆ. ಹೆಸರು ಕೂಗಿದಾಗ ಗಂಗಾಧರಯ್ಯನವರಿಗೆ ನಗು ಬಂತು. ತಮ್ಮೂರಿನಲ್ಲಿ ಓಲೆಯೆಂದರೆ ಕಿವಿಯಲ್ಲಿರುತ್ತದೆ, ಇಲ್ಲವೇ ಅಂಚೆಯಲ್ಲಿ ಬರುತ್ತದೆ.

ತಾನು, ತನ್ನಪ್ಪ, ತಾತ, ಮುತ್ತಾತ ಎಲ್ಲರೂ ಸ್ಕಾರ್ನ್ ಬಂಡೆಯ ಮೇಲೆ ಬಲೆ ಒಣಗಿಸಿದವರು ಎಂದು ಓಲೆ ಹೇಳಿದ. ದುಭಾಷಿ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ಮೂಡಣದ ವಕೀಲರು ಸಾಕು ಎಂದು ಕೂತರು. ಪಡುವಣದವರಿಗೆ ಕೇಳುವುದು ಏನೂ ಇರಲಿಲ್ಲ. ಗಂಗಾಧರಯ್ಯನವರಿಗೆ ಮಾತ್ರ ಕೇಳಬೇಕೆನ್ನಿಸಿತು. ಅಧ್ಯಕ್ಷರ ಒಪ್ಪಿಗೆ ಪಡೆದು ಕೇಳಿದರು.

"ನೀವು ಬಂಡೆ ಮೇಲೆ ಇರುವಾಗ ಪಡುವಣದ ದೋಣಿ ಬಂದರೆ ಏನು ಮಾಡ್ತೀರಿ?"

"ಜಾಗ ಬಿಡ್ತೀವಿ," ಎಂದ ಓಲೆ.

"ಯಾಕೆ? ಬಂಡೆ ನಿಮ್ಮದಲ್ವಾ?"

ಓಲೆ ಅವರನ್ನು ಚಿಕ್ಕ ಮಗುವನ್ನು ನೋಡುವ ಹಾಗೆ ನೋಡಿದ. "ಗಾಳಿ ಎದ್ದಾಗ ಯಾರದು ಅಂತ ಯಾರು ಕೇಳ್ತಾರೆ? ಮೊದಲು ಬಂದವರು ಬೆಂಕಿ ಹಾಕಬೇಕು, ಆಮೇಲೆ ಬಂದವರು ಸೌದೆ ತರಬೇಕು. ನಮ್ಮಪ್ಪ ಹೇಳಿಕೊಟ್ಟಿದ್ದು ಹಾಗೆ. ಅವರಪ್ಪಂದಿರೂ ಅದನ್ನೇ ಹೇಳಿಕೊಟ್ಟಿರಬೇಕು. ಯಾಕಂದ್ರೆ ಅವರು ಸೌದೆ ತರ್ತಾರೆ."

ಮೂಡಣದ ವಕೀಲರ ಮುಖ ಬಿಳಿಚಿಕೊಂಡಿತು. ಗಂಗಾಧರಯ್ಯನವರು ವಂದಿಸಿದರು. ಗಾಜಿನಾಚೆ ಮಂಜು ಹಾಗೇ ನಿಂತಿತ್ತು. ಇಷ್ಟು ವರ್ಷ ಕಂಡ ಕಡಲಿನ ಕನಸುಗಳೆಲ್ಲ ಒಂದೊಂದಾಗಿ ನೆನಪಾದವು. ಅವುಗಳಲ್ಲಿ ಒಮ್ಮೆಯೂ ಎರಡು ದೋಣಿಗಳಿರಲಿಲ್ಲ. ಖಾಲಿ ನೀರು, ಒಂದು ದೋಣಿ, ಒಬ್ಬ ಒಡೆಯ. ನಾಲ್ಕನೆಯ ಅಧ್ಯಾಯವನ್ನು ತಾವು ಆ ಕನಸನ್ನು ನೋಡಿಕೊಂಡೇ ಬರೆದಿದ್ದರು.

ವಿಚಾರಣೆ ಮುಗಿದ ಮಾರನೆಯ ದಿನ ಕೆಲ್ಲರ್ ಗಂಗಾಧರಯ್ಯನವರನ್ನು ಕಾಲುವೆಯ ದಂಡೆಯ ಮೇಲೆ ನಡೆಯಲು ಕರೆದರು.

"ನನಗೆ ಎರಡೇ ದಾರಿ ಕಾಣುತ್ತಿದೆ," ಎಂದರು ಕೆಲ್ಲರ್. "ಒಂದು ಆ ಹಳೆಯ ರಾಜಪತ್ರ. ಇನ್ನೊಂದು ನಿಮ್ಮ ಪುಸ್ತಕ. ನನ್ನ ಮನಸ್ಸು ಪುಸ್ತಕದ ಕಡೆ ವಾಲಿದೆ. ನಾಲ್ಕನೆಯ ಅಧ್ಯಾಯದ ಮೇಲೆ ನೀವು ಗಟ್ಟಿಯಾಗಿ ನಿಂತರೆ ನಾನೂ ನಿಲ್ಲುತ್ತೇನೆ. ಇಬ್ಬರಾದರೆ ತೀರ್ಪು ಆಯಿತು. ಬಂಡೆ ಮೂಡಣದವರದು."

"ಆಗ ಪಡುವಣದ ಬೆಸ್ತರು?"

"ಬೇರೆ ಕಡೆ ಹೋಗಬೇಕು. ನಿಮ್ಮ ಪುಸ್ತಕದಲ್ಲಿ ಹಾಗೇ ಇದೆಯಲ್ಲ. ಒಬ್ಬರದಾದ ಮೇಲೆ ಬೇರೆಯವರದಲ್ಲ."

ಗಂಗಾಧರಯ್ಯನವರು ನಿಂತುಬಿಟ್ಟರು. ಕಾಲುವೆಯಲ್ಲಿ ಒಂದು ಬಾತುಕೋಳಿ ಮಂಜಿನಿಂದ ಬಂದು ಮಂಜಿನೊಳಗೆ ಹೋಯಿತು.

"ಆ ಮಾತು ತಪ್ಪು," ಎಂದರು. "ಆ ಸಾಕ್ಷಿ ಕೇಳುವವರೆಗೂ ನನಗೆ ಗೊತ್ತಿರಲಿಲ್ಲ. ಓಲೆ ಹೇಳಿದ್ದು ನಿಜವಾದ ಬಳಕೆ. ಬಂಡೆ ಯಾವ ದೇಶದ ಹೆಸರಿಗಾದರೂ ಹೋಗಲಿ, ಬಲೆ ಒಣಗಿಸೋ ಹಕ್ಕು, ಮೀನು ಹಿಡಿಯೋ ಹಕ್ಕು ಎರಡೂ ಊರಿನವರದು ಅಂತ ಬರೆಯೋಣ."

 ಕೆಲ್ಲರ್ ಮೃದುವಾಗಿಯೇ ಹೇಳಿದರು: "ನಮ್ಮನ್ನು ಕೇಳಿರುವುದು ಬಂಡೆ ಯಾರದು ಎಂದು. ಸೌದೆ ಯಾರು ತರಬೇಕು ಎಂದಲ್ಲ. ಪುಸ್ತಕ ಬರೆದವರೇ ಪುಸ್ತಕವನ್ನು ಬಿಟ್ಟರೆ ನನಗೆ ಉಳಿಯುವುದು ರಾಜಪತ್ರ ಒಂದೇ. ಯೋಚನೆ ಮಾಡಿ. ನೀವು ಸುಮ್ಮನಿದ್ದರೆ ಸಾಕು, ನಿಮ್ಮನ್ನು ಹೆಸರಿಸಿದವರು ಗೆಲ್ಲುತ್ತಾರೆ, ನಿಮ್ಮ ಪುಸ್ತಕ ಕಾನೂನಾಗುತ್ತದೆ."

ಒಂದು ಇಡೀ ದಿನ ಗಂಗಾಧರಯ್ಯನವರು ಹೋಟೆಲಿನ ಕೋಣೆಯಲ್ಲಿ ಕೂತರು. ಹುರಿಹಿಟ್ಟನ್ನು ಹಾಲಿನಲ್ಲಿ ಕಲಸಿ ಹಾಗೇ ಮುಂದಿಟ್ಟುಕೊಂಡಿದ್ದರು. ಸುಮ್ಮನಿದ್ದರೆ ಪಡುವಣದ ಬೆಸ್ತರು ಬಂಡೆ ಬಿಟ್ಟು ಹೋಗಬೇಕು. ಮಾತಾಡಿದರೆ ಓಲೆಯ ಊರಿನವರೇ ಹೋಗಬೇಕು. ಎರಡರಲ್ಲೂ ಯಾರೋ ಬೆಂಕಿಯ ಹತ್ತಿರದಿಂದ ಏಳಲೇಬೇಕಿತ್ತು. ಆದರೆ ತಪ್ಪೆಂದು ತಿಳಿದ ಮಾತಿಗೆ ನ್ಯಾಯವೆಂದು ರುಜು ಹಾಕಲು ಕೈ ಬರಲಿಲ್ಲ. ಮಾರನೆಯ ಬೆಳಗ್ಗೆ ಹೋಗಿ ಕೆಲ್ಲರ್ ಅವರಿಗೆ ಹಾಗೆಂದರು.

ತೀರ್ಪು ಒಂದರ ಎದುರು ಎರಡು ಮತದಿಂದ ಆಯಿತು. ಬಂಡೆ ಪಡುವಣ ದೇಶದ್ದು. ಹನ್ನೊಂದು ಪುಟದ ಭಿನ್ನಮತ ಗಂಗಾಧರಯ್ಯನವರದೊಬ್ಬರದೇ. ಸಭಾಂಗಣದಿಂದ ಹೊರಬರುವಾಗ ಮೂಡಣದ ವಕೀಲರು ಅವರ ಕಡೆ ತಿರುಗಿ ನೋಡಲಿಲ್ಲ. ಓಲೆ ಆಗಲೇ ಊರಿಗೆ ಹೋಗಿದ್ದ.

ಸಿಟಿ ಸ್ಟೇಷನ್ನಿನಲ್ಲಿ ರೈಲು ಇಳಿದಾಗ ಲಾ ಕಾಲೇಜಿನ ವಿದ್ಯಾರ್ಥಿಗಳು ಹಾರ ಹಿಡಿದು ನಿಂತಿದ್ದರು. ವಿದೇಶದಲ್ಲಿ ಕೂತು ನ್ಯಾಯ ಹೇಳಿ ಬಂದ ನಮ್ಮೂರಿನವರು ಎಂದು ಯಾರೋ ಭಾಷಣ ಮಾಡಿದರು. ಗಂಗಾಧರಯ್ಯನವರು ಹಾರವನ್ನು ಕೊರಳಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡೇ ನಿಂತರು. ತಿಂಗಳ ಮೇಲೆ ಮೂಡಣ ದೇಶದ ಪತ್ರಿಕೆಯ ಒಂದು ತುಣುಕು ಅಂಚೆಯಲ್ಲಿ ಬಂತು. ನಾವೇ ಆರಿಸಿದ ನ್ಯಾಯಾಧೀಶ ನಮ್ಮನ್ನು ಮುಳುಗಿಸಿದ ಎಂದು ಅದರ ತಲೆಬರಹ.

ಅಲ್ಲಿಂದ ಮುಂದೆ ಅವರು ಮೆತ್ತಗಾದರು. ಕೋರ್ಟಿನಲ್ಲಿ ತೀರ್ಪು ಓದುವಾಗ ಧ್ವನಿ ಹಿಂದಿನ ಬೆಂಚಿಗೆ ಕೇಳುತ್ತಿರಲಿಲ್ಲ. ಮಾಳಿಗೆಯ ಕೋಣೆಗೆ ಹತ್ತಿದರೂ ಪುಸ್ತಕ ತೆರೆಯುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಈಗಲೂ ನೀರು ಕಾಣುತ್ತಿತ್ತು. ದೋಣಿ ಮಾತ್ರ ಇರಲಿಲ್ಲ.

ಒಂದು ಭಾನುವಾರ ಗಿರಿಜಾಂಬಾ ಹಪ್ಪಳ ಒಣಹಾಕಲು ಮಾಳಿಗೆಯ ಬಿಸಿಲಿಗೆ ಬಂದಾಗ ಗಂಗಾಧರಯ್ಯನವರು ನೆರಳಿನಲ್ಲಿ ಚಾಪೆಯ ಮೇಲೆ ಮಲಗಿದ್ದರು.

"ಮದರಾಸಿನವರು ಪುಸ್ತಕ ಇನ್ನೊಂದು ಸಲ ಅಚ್ಚು ಹಾಕ್ತಾರಂತೆ," ಎಂದರು ಗಂಗಾಧರಯ್ಯನವರು. "ನಾಲ್ಕನೇ ಅಧ್ಯಾಯ ತೆಗೆದುಬಿಡ್ತೀನಿ."

"ಆ ಅಧ್ಯಾಯ ನಾನು ಮೂರು ಸಲ ನಕಲು ಮಾಡಿದೀನಿ. ಆಗಲೇ ನನಗೊಂದು ಅನುಮಾನ ಇತ್ತು ಕಣ್ರೀ."

"ಏನು ಅನುಮಾನ?"

"ಅಷ್ಟು ಕಾಲ ಆ ಬಂಡೆಗೆ ಬೇರೆ ಯಾರೂ ಬರಲೇ ಇಲ್ವಾ ಅಂತ."

ಗಂಗಾಧರಯ್ಯನವರು ಎದ್ದು ಕೂತರು. "ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ. ನಕಲು ಮಾಡು ಅಂದ್ರಿ, ಮಾಡಿದೆ."

ಹಪ್ಪಳದ ಮೇಲಿನ ಬಟ್ಟೆ ಗಾಳಿಗೆ ಏಳುತ್ತಿತ್ತು. ಗಿರಿಜಾಂಬಾ ನಾಲ್ಕು ಮೂಲೆಗೂ ಕಲ್ಲು ಇಟ್ಟರು.

"ಈಗ ಕೇಳ್ತಿದೀನಿ. ಕೂತ್ಕೋ," ಎಂದರು ಗಂಗಾಧರಯ್ಯನವರು.

ಅವರು ಅಧ್ಯಾಯವನ್ನು ತೆಗೆಯಲಿಲ್ಲ, ಆ ವರ್ಷವೆಲ್ಲ ಕೂತು ಮೊದಲಿನಿಂದ ಬರೆದರು. ಒಂದೊಂದು ಪುಟವನ್ನೂ ಗಿರಿಜಾಂಬಾರಿಗೆ ಓದಿ ಹೇಳುತ್ತಿದ್ದರು. ಅವರು ಒಮ್ಮೊಮ್ಮೆ ಕೇಳುತ್ತಿದ್ದ ಪ್ರಶ್ನೆಗೆ ಎರಡು ದಿನ ಉತ್ತರ ಹುಡುಕಬೇಕಾಗುತ್ತಿತ್ತು. ಹೆಂಗಸರು ಬಂಡೆಗೆ ಹೋಗ್ತಿದ್ರಾ? ಸೌದೆ ತರದೇ ಬಂದವರನ್ನ ಏನು ಮಾಡ್ತಿದ್ರು? ಗೊತ್ತಿಲ್ಲ ಎಂದು ಗಂಗಾಧರಯ್ಯನವರು ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದರು. ಹೊಸ ಆವೃತ್ತಿ ಬಂದಾಗ ಮೊದಲಿನದಕ್ಕಿಂತ ತೆಳುವಾಗಿತ್ತು. ಅದನ್ನು ಯಾವ ದೇಶದವರೂ ಹೊಗಳಿ ಬರೆಯಲಿಲ್ಲ, ಇನ್ನೊಂದು ಪಂಚಾಯಿತಿಗೆ ಕರೆಯೂ ಬರಲಿಲ್ಲ. ಆದರೆ ಕೋರ್ಟಿನಲ್ಲಿ ಅವರ ಧ್ವನಿ ಮತ್ತೆ ಕೇಳತೊಡಗಿತು ಎಂದು ಬೆಂಚ್ ಕ್ಲಾರ್ಕ್ ಬದರೀನಾರಾಯಣ ಎಲ್ಲರಿಗೂ ಹೇಳಿಕೊಂಡು ತಿರುಗಿದ.

೧೯೫೬ರ ಕಾರ್ತಿಕದಲ್ಲಿ ಒಂದು ಬೆಳಗ್ಗೆ ಶೀನಣ್ಣ ಉತ್ತರೀಯದಿಂದ ಮೂಗು ಮುಚ್ಚಿಕೊಂಡು ಬಂದರು. ಹಿಂದೆ ಪೇದೆಯ ಕೈಯಲ್ಲಿ ಕ್ಯಾನ್ವಾಸು ಹೊಲಿದ ಒಂದು ಪಾರ್ಸಲು. ಬೀದಿಯ ಬೆಕ್ಕುಗಳೆಲ್ಲ ಅದರ ಹಿಂದೆ.

"ಮೂರು ದಿನದಿಂದ ಕಚೇರಿಯಲ್ಲಿ ಕೂರೋಕಾಗ್ತಿಲ್ಲ ಕಣಯ್ಯಾ," ಎಂದರು ಶೀನಣ್ಣ. "ಏನು ತರಿಸಿದೀಯೋ, ಆ ಶಿವನಿಗೇ ಗೊತ್ತು. ಮನೆಗೆ ಹೋಗಿ ಸ್ನಾನ ಮಾಡಬೇಕು ನಾನು."

ಪಾರ್ಸಲನ್ನು ಹೊರಗಿನ ಕಟ್ಟೆಯ ಮೇಲೆ ಬಿಚ್ಚಿದರು. ಹಲಗೆಯ ಹಾಗೆ ಒಣಗಿದ ಉಪ್ಪುಮೀನು, ಆರು. ಜೊತೆಗೆ ಓಲೆಯ ಮಗಳು ಊರಿನ ಮೇಷ್ಟರ ಕೈಯಲ್ಲಿ ಇಂಗ್ಲಿಷಿನಲ್ಲಿ ಬರೆಸಿದ ಕಾಗದ. ಅಪ್ಪ ಹೋದ ಚಳಿಗಾಲದಲ್ಲಿ ತೀರಿಕೊಂಡರು. ತಪ್ಪು ಉತ್ತರ ಹೇಳಿ ಕೇಸು ಸೋಲಿಸಿದೆ ಎಂದು ಊರಿನವರು ಮೊದಮೊದಲು ಅಪ್ಪನನ್ನು ಬೈದರು. ಪಡುವಣದ ಕಾವಲು ದೋಣಿ ಎರಡು ಸಲ ಬಂದು ನಮ್ಮವರನ್ನು ಓಡಿಸಿತು. ಮೂರನೆಯ ಸಲ ಗಾಳಿ ಎದ್ದಿತ್ತು, ಕಾವಲಿನವನು ತಾನೇ ಬಂಡೆಗೆ ಬಂದು ಬೆಂಕಿಯ ಹತ್ತಿರ ಕೂತ. ಅವನು ಸೌದೆ ತಂದಿರಲಿಲ್ಲ, ಅಪ್ಪ ಅವನನ್ನು ಬಹಳ ಗದರಿದರು. ಈಗ ಯಾರೂ ಓಡಿಸುವುದಿಲ್ಲ, ಮುಂದೆ ಹೇಗೋ ಗೊತ್ತಿಲ್ಲ. ಆ ದೊಡ್ಡ ಕೋಣೆಯಲ್ಲಿ ತನ್ನನ್ನು ಸರಿಯಾದ ಪ್ರಶ್ನೆ ಕೇಳಿದವರು ನೀವೊಬ್ಬರೇ ಎಂದು ಅಪ್ಪ ಹೇಳುತ್ತಿದ್ದರು. ಈ ಮೀನು ಅಪ್ಪನೇ ಒಣಗಿಸಿದ್ದು. ದಯವಿಟ್ಟು ತಿನ್ನಿ.

ಗಂಗಾಧರಯ್ಯನವರು ಕಾಗದವನ್ನು ಎರಡು ಸಲ ಓದಿ ಕನ್ನಡಕ ತೆಗೆದರು. ಗಿರಿಜಾಂಬಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದರು. ಈರುಳ್ಳಿಯನ್ನೂ ಸೋಮವಾರ ಮುಟ್ಟದ ಮನೆ ಅದು.

"ಎಸೆಯೋಕೆ ಮನಸ್ಸು ಬರ್ತಿಲ್ಲ," ಎಂದರು ಗಂಗಾಧರಯ್ಯನವರು.

"ಎಸೆಯೋದು ಯಾಕೆ? ತಿನ್ನಿ ಅಂತ ಕಳಿಸಿದಾರೆ. ಯಾರಾದ್ರೂ ತಿನ್ನಲೇಬೇಕು," ಎಂದರು ಗಿರಿಜಾಂಬಾ. ಅದೇ ಹೊತ್ತಿಗೆ ಸೊಪ್ಪು ಮಾರುವ ಮುನಿಯಮ್ಮ, ಮಾರ್ಕೆಟ್ಟಿನಿಂದ ತಲೆಯ ಮೇಲೆ ಬುಟ್ಟಿ ಹೊತ್ತು ದಿನಾ ಆ ಬೀದಿಗೆ ಬರುವವಳು, ಗೇಟಿನ ಹತ್ತಿರ ನಿಂತು ಮೂಗು ಅರಳಿಸಿದಳು.

"ಏನಮ್ಮಾರೆ, ನಿಮ್ಮನೇಲಿ ಕರಿಮೀನು ವಾಸ್ನೆ!"

ಆರು ಮೀನೂ ಅವಳ ಬುಟ್ಟಿಯಲ್ಲಿ, ದಂಟಿನ ಸೊಪ್ಪಿನ ಕೆಳಗೆ ಹೋದವು. ಗಂಗಾಧರಯ್ಯನವರು ಒಂದೇ ಮಾತು ಹೇಳಿದರು: "ತಿಂದು ಬಂದು ಹೇಗಿತ್ತು ಅಂತ ನನಗೆ ಹೇಳ್ಬೇಕಮ್ಮಾ."

ಮಾರನೆಯ ದಿನ ಅವರು ಕೋರ್ಟಿಗೆ ಹೊರಡುವುದನ್ನು ತಡಮಾಡಿ ಜಗಲಿಯಲ್ಲಿ ಕಾದರು. ಮುನಿಯಮ್ಮ ಬುಟ್ಟಿ ಇಳಿಸಿ ಕೂತಳು.

"ಉಪ್ಪು ಜಾಸ್ತಿ ಸ್ವಾಮಿ. ಎಲ್ಡು ಸಲ ನೆನೆಸಿ ಹಿಂಡಿದ್ರೂ ಹೋಗ್ಲಿಲ್ಲ. ಆಮೇಲೆ ಬದನೇಕಾಯಿ, ಹುಣ್ಸೆಹಣ್ಣು ಹಾಕಿ ಸಾರು ಕಾಯಿಸ್ದೆ. ನಮ್ಮ ವಠಾರದೋರೆಲ್ಲ ತಟ್ಟೆ ಹಿಡ್ಕೊಂಡು ಬಂದ್ಬಿಟ್ರು. ಬೇರೆ ತರಾ ಮೀನು ಸ್ವಾಮಿ, ದಪ್ಪಕೆ ಪದ್ರ ಪದ್ರವಾಗಿ ಬಿಚ್ಕಂತೈತೆ. ನಮ್ಮ ಕೆರೆ ಮೀನಿನ್ ತರಾ ಮುಳ್ಳಿಲ್ಲ."

"ಚೆನ್ನಾಗಿತ್ತಾ?"

"ಬೋ ಚೆನ್ನಾಗಿತ್ತು. ಯಾರು ಒಣಗ್ಸಿದ್ದೋ, ಒಳ್ಳೆ ಕೈಯಿ."

ಗಿರಿಜಾಂಬಾ ಒಳಗಿನಿಂದ ಕಾಗದ, ಲೇಖನಿ ತಂದು ಕೂತರು. ಬದನೇಕಾಯಿ, ಹುಣಸೆಹಣ್ಣು, ತಟ್ಟೆ ಹಿಡಿದು ಬಂದ ವಠಾರದವರು, ಒಳ್ಳೆಯ ಕೈ ಎಂದದ್ದು, ಮುನಿಯಮ್ಮ ಹೇಳಿದ್ದನ್ನು ಹೇಳಿದ ಹಾಗೆಯೇ ಇಂಗ್ಲಿಷಿಗೆ ತಿರುಗಿಸಿ ಗಂಗಾಧರಯ್ಯನವರು ಬರೆಸಿದರು. ಹುಣಸೆಹಣ್ಣು ಎಂದರೆ ಏನೆಂದು ತಿಳಿಸಲು ಮೂರು ಸಾಲು ಹಿಡಿಯಿತು.

"ಯಾವೂರಿಗೆ ಸ್ವಾಮಿ ಈ ಕಾಗ್ದ?" ಎಂದು ಮುನಿಯಮ್ಮ ಕೇಳಿದಳು.

ಗಂಗಾಧರಯ್ಯನವರು ಹೇಳತೊಡಗಿದರು. ಮುನಿಯಮ್ಮ ಒದ್ದೆ ಬಟ್ಟೆಯನ್ನು ಸೊಪ್ಪಿನ ಮೇಲೆ ಎಳೆದು, ಗೋಡೆಗೆ ಒರಗಿ ಕೂತು ಕೇಳಿದಳು.